ಜಾಗ ಹುಡುಕಿ ಹೊರಟ ಕೋಶಗಳು

ಮೂರನೆಯ ವಾರಕ್ಕೆ ಕಾಲಿಡುವ ಮನುಷ್ಯಭ್ರೂಣ ಎರಡು ಪದರಗಳ ಒಂದು ಚಪ್ಪಟೆ ಬಿಲ್ಲೆ, ಅಷ್ಟೆ. ತಲೆಯಿಲ್ಲ, ಬೆನ್ನಿಲ್ಲ, ಹೊಟ್ಟೆಯಿಲ್ಲ. ಅದರ ಒಂದು ತುದಿಯಿಂದ ನಡುಭಾಗದತ್ತ ಗೆರೆಯೊಂದು ಮೂಡುತ್ತದೆ. ಮೇಲಿನ ಪದರದ ಕೋಶಗಳು ಆ ಗೆರೆಯತ್ತ ಸರಿದು, ಒಳಗಿಳಿದು, ಹರಡಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಮೂರು ಪದರಗಳು ಸಿದ್ಧ. ಹೊರಪದರ ಚರ್ಮ ಮತ್ತು ನರಮಂಡಲಕ್ಕೆ, ನಡುಪದರ ಸ್ನಾಯು, ಮೂಳೆ, ರಕ್ತಕ್ಕೆ, ಒಳಪದರ ಕರುಳು, ಶ್ವಾಸಕೋಶಗಳ ಒಳಗೋಡೆಗೆ. ಗ್ಯಾಸ್ಟ್ರುಲೇಶನ್ ಎಂದು ಕರೆಯುವ ಈ ಘಟ್ಟದ ಅಧ್ಯಯನಕ್ಕೆ ಇನ್ನೂರು ವರ್ಷ ದಾಟಿದೆ. ಕೋಶ ಏನಾಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಕೀರ್ತಿ ಸಂದಿತು. ಅದು ಅನ್ಯಾಯವೆಂದೇ ನನ್ನ ಎಣಿಕೆ.

1817ರಲ್ಲಿ ಕೋಳಿಮೊಟ್ಟೆಗಳನ್ನು ಒಡೆದು ನೋಡಿದ ಕ್ರಿಸ್ಟಿಯಾನ್ ಪಾಂಡರ್ ಪದರಗಳನ್ನು ಗುರುತಿಸಿದ. ಬೆನ್ನೆಲುಬಿರುವ ಬೇರೆ ಪ್ರಾಣಿಗಳಲ್ಲೂ ಇದೇ ಕ್ರಮವಿದೆ ಎಂದು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ತೋರಿಸಿದ. ನೋಡುವುದನ್ನು ಬಿಟ್ಟು ಕೈಹಾಕಿ ಪರೀಕ್ಷಿಸುವ ಕಾಲ ಬಂದದ್ದು 1880ರ ದಶಕದಲ್ಲಿ. ವಿಲ್‌ಹೆಲ್ಮ್ ರೂ ಕಪ್ಪೆಯ ಎರಡು ಕೋಶಗಳ ಭ್ರೂಣದಲ್ಲಿ ಒಂದನ್ನು ಕಾದ ಸೂಜಿಯಿಂದ ಕೊಂದಾಗ ಅರ್ಧ ಭ್ರೂಣವಷ್ಟೇ ಬೆಳೆಯಿತು. ಕೋಶದ ಹಣೆಬರಹ ಮೊದಲೇ ನಿಗದಿಯಾಗಿರುತ್ತದೆ ಎಂದು ಆತ ತೀರ್ಮಾನಿಸಿದ. ಕೆಲವೇ ವರ್ಷಗಳಲ್ಲಿ ಹಾನ್ಸ್ ಡ್ರೀಶ್, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಭ್ರೂಣವನ್ನು ಕುಲುಕಿ ಎರಡೂ ಕೋಶಗಳನ್ನು ಬೇರ್ಪಡಿಸಿದ. ಒಂದೊಂದರಿಂದಲೂ ಚಿಕ್ಕದಾದರೂ ಪೂರ್ತಿಯಾದ ಮರಿಯೇ ಬೆಳೆಯಿತು. ರೂ ಕೊಂದ ಕೋಶ ಪಕ್ಕದಲ್ಲೇ ಅಂಟಿಕೊಂಡು ಉಳಿದದ್ದೇ ಈ ವ್ಯತ್ಯಾಸಕ್ಕೆ ಕಾರಣವೆಂಬುದು ಆಮೇಲೆ ತಿಳಿಯಿತು. ಅಂದರೆ ನೆರೆಹೊರೆಯೂ ಲೆಕ್ಕಕ್ಕೆ ಬರುತ್ತದೆ.

ಆ ನೆರೆಹೊರೆಯ ಬಲವನ್ನು ಕಣ್ಣಿಗೆ ಕಾಣಿಸಿದ್ದು ಫ್ರೈಬರ್ಗ್‌ನ ಹಾನ್ಸ್ ಸ್ಪೆಮಾನ್ ಅವರ ಪ್ರಯೋಗಾಲಯ. ಸಲಕರಣೆಗಳೆಂದರೆ ಗಾಜಿನ ಸೂಜಿ, ಹಸುಗೂಸಿನ ಕೂದಲಿನ ಕುಣಿಕೆ. ಅವರ ವಿದ್ಯಾರ್ಥಿನಿ ಹಿಲ್ಡೆ ಮಂಗೋಲ್ಡ್, ನ್ಯೂಟ್ ಎಂಬ ಉಭಯಚರದ ತಿಳಿಬಣ್ಣದ ಜಾತಿಯೊಂದರ ಭ್ರೂಣದಲ್ಲಿ ಕೋಶಗಳು ಒಳಗಿಳಿಯುವ ಅಂಚಿನಿಂದ ಚೂರೊಂದನ್ನು ಕತ್ತರಿಸಿ, ಗಾಢಬಣ್ಣದ ಇನ್ನೊಂದು ಜಾತಿಯ ನ್ಯೂಟ್‌ನ ಹೊಟ್ಟೆಯ ಕಡೆಗೆ ನಾಟಿ ಹಾಕಿದರು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಬಹುಪಾಲು ಭ್ರೂಣಗಳು ಸತ್ತವು. ಉಳಿದ ಬೆರಳೆಣಿಕೆಯವುಗಳಲ್ಲಿ ಎರಡನೆಯ ಬೆನ್ನುಹುರಿಯೇ ಎದ್ದಿತ್ತು. ಅದರ ನರಕೋಶಗಳಲ್ಲಿ ಹೆಚ್ಚಿನವು ಗಾಢಬಣ್ಣದವು, ಎಂದರೆ ಆತಿಥೇಯ ಭ್ರೂಣದವೇ. ನಾಟಿ ಮಾಡಿದ ಚೂರು ಸುತ್ತಲಿನವನ್ನು ಒಲಿಸಿಕೊಂಡಿತ್ತು. ಪ್ರಬಂಧ ಅಚ್ಚಾದ 1924ರಲ್ಲೇ ಹಿಲ್ಡೆ ಅಡುಗೆಮನೆಯ ಬೆಂಕಿ ಅವಘಡದಲ್ಲಿ, 26 ತುಂಬುವ ಮುನ್ನ, ತೀರಿಕೊಂಡರು. 1935ರ ನೊಬೆಲ್ ಸ್ಪೆಮಾನ್ ಒಬ್ಬರಿಗೇ ಬಂತು.

‘ಸಂಘಟಕ’ ಎಂದು ಹೆಸರಾದ ಆ ಚೂರಿನಲ್ಲಿ ಏನಿದೆ? ಅದನ್ನು ಕೊಂದು ನಾಟಿದರೂ ಕೆಲಸ ಮಾಡಿತು. ಸಂಬಂಧವೇ ಇಲ್ಲದ ರಾಸಾಯನಿಕಗಳೂ ಮಾಡಿದವು. ಹುಡುಕಾಟ ದಶಕಗಟ್ಟಲೆ ದಾರಿ ತಪ್ಪಿತು. ಕೊನೆಗೆ 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನ್‌ಗಳ ಜೀನ್‌ಗಳು ಸಿಕ್ಕಾಗ ಕಂಡದ್ದು ಎಲ್ಲರೂ ಊಹಿಸಿದ್ದಕ್ಕಿಂತ ಬೇರೆ. ಅವು ‘ನರವಾಗು’ ಎಂದು ಆಜ್ಞೆ ಕೊಡುವುದಿಲ್ಲ, ‘ಚರ್ಮವಾಗು’ ಎನ್ನುವ ಬಿಎಂಪಿ ಸಂಕೇತವನ್ನು ತಡೆಯುತ್ತವೆ. ತಡೆ ಬಿದ್ದರೆ ಕೋಶ ತಾನಾಗಿಯೇ ನರದ ಹಾದಿ ಹಿಡಿಯುತ್ತದೆ.

ಇನ್ನು ಚಲನೆಯ ಮಾತು. 1920ರ ದಶಕದಲ್ಲಿ ವಾಲ್ಟರ್ ಫೋಗ್ಟ್ ಭ್ರೂಣದ ಮೇಲೆ ಬಣ್ಣದ ಚುಕ್ಕೆಗಳನ್ನಿಟ್ಟು ಅವು ಎಲ್ಲೆಲ್ಲಿ ಸಾಗುತ್ತವೆ ಎಂದು ನಕ್ಷೆ ಬರೆದ. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಉಭಯಚರಗಳ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿಸಿ ಬೆರೆಸಿಟ್ಟರು. ಅವು ತಾವೇ ವಿಂಗಡವಾಗಿ, ಚರ್ಮದವು ಹೊರಗೆ, ನಡುಪದರದವು ನಡುವೆ ನಿಂತವು. ಕಲಸಿಟ್ಟ ಎಣ್ಣೆ-ನೀರು ಬೇರೆಯಾಗುವ ಹಾಗೆ, ಅಂಟಿಕೊಳ್ಳುವ ಬಲದ ಹೆಚ್ಚುಕಡಿಮೆಯೇ ಇದಕ್ಕೆ ಕಾರಣವೆಂದು ಮಾಲ್ಕಮ್ ಸ್ಟೈನ್‌ಬರ್ಗ್ ವಾದಿಸಿದರು. ಆ ಅಂಟು ಯಾವುದೆಂಬುದಕ್ಕೆ ಜಪಾನಿನ ಮಸಾತೋಶಿ ತಾಕೆಯಿಚಿ ಕ್ಯಾಡ್ಹೆರಿನ್ ಪ್ರೋಟೀನ್‌ಗಳಲ್ಲಿ ಉತ್ತರ ಕಂಡರು. ಒಳಗಿಳಿಯಬೇಕಾದ ಅನೇಕ ಕೋಶಗಳಲ್ಲಿ ಸ್ನೇಲ್ ಜೀನ್ ಈ ಅಂಟನ್ನು ತಗ್ಗಿಸುತ್ತದೆ. ಆಗ ಸಾಲಿನಲ್ಲಿದ್ದ ಕೋಶ ಕಳಚಿಕೊಂಡು ಒಂಟಿಯಾಗಿ ಹೊರಡುತ್ತದೆ. ಹರಡುವ ಕ್ಯಾನ್ಸರ್ ಕೋಶಗಳೂ ಎಷ್ಟೋ ಸಲ ಇದೇ ಉಪಾಯ ಹೂಡುತ್ತವೆ.

ಸ್ನೇಲ್ ಬೆಳಕಿಗೆ ಬಂದದ್ದು ಹಣ್ಣುನೊಣದಿಂದ. ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ವೀಶೌಸ್ 1980ರಲ್ಲಿ ನೊಣದ ಭ್ರೂಣವನ್ನು ಕೆಡಿಸುವ ಜೀನ್‌ಗಳ ಪಟ್ಟಿಯೊಂದನ್ನು ಪ್ರಕಟಿಸಿ, 1995ರಲ್ಲಿ ನೊಬೆಲ್ ಪಡೆದರು. ನಂತರ ಜೀನ್‌ಗಳ ಸದ್ದಿನಲ್ಲಿ ಬಲ, ಎಳೆತ, ಒತ್ತಡಗಳ ಮಾತು ಮಂಕಾಯಿತು. ಅದನ್ನು ಮತ್ತೆ ಮುಂದಕ್ಕೆ ತಂದವರಲ್ಲಿ ವೀಶೌಸ್ ಕೂಡ ಒಬ್ಬರು ಎಂಬುದು ಮೆಚ್ಚಬೇಕಾದ ಸಂಗತಿ. ನೊಣದ ಭ್ರೂಣ ಒಳಗೆ ಮಡಚಿಕೊಳ್ಳುವಾಗ ಕೋಶದ ಮೇಲ್ತುದಿ ಒಂದೇ ಸಮನೆ ಕುಗ್ಗುವುದಿಲ್ಲ. ಮಯೋಸಿನ್ ಎಂಬ ಪ್ರೋಟೀನ್‌ನ ಜಾಲ ಎಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ಅವರ ತಂಡ ಇದನ್ನು 2009ರಲ್ಲಿ ಚಿತ್ರೀಕರಿಸಿ ತೋರಿಸಿತು.

ಮಾನವ ಭ್ರೂಣದ ವಿಷಯದಲ್ಲಿ ಕೈ ಕಟ್ಟಿದೆ. ಭಾರತದ 2017ರ ಮಾರ್ಗಸೂಚಿಯೂ ಸೇರಿ ಹಲವು ದೇಶಗಳ ನಿಯಮಗಳ ಪ್ರಕಾರ ಅದನ್ನು ಪ್ರಯೋಗಾಲಯದಲ್ಲಿ 14 ದಿನ ದಾಟಿ ಬೆಳೆಸುವಂತಿಲ್ಲ. ಹಾಗಾಗಿ 2014ರಿಂದೀಚೆ ಕಾಂಡಕೋಶಗಳಿಂದ ಗ್ಯಾಸ್ಟ್ರುಲಾಯ್ಡ್ ಎಂಬ ಅರೆಭ್ರೂಣಗಳನ್ನು ಬೆಳೆಸುತ್ತಿದ್ದಾರೆ. 2021ರಲ್ಲಿ, ದಾನವಾಗಿ ಬಂದ ಮೂರನೆಯ ವಾರದ ಒಂದು ಭ್ರೂಣದ 1,195 ಕೋಶಗಳಲ್ಲಿ ಯಾವ ಜೀನ್‌ಗಳು ಚುರುಕಾಗಿವೆ ಎಂಬ ವಿವರ ಪ್ರಕಟವಾಯಿತು. ಆದರೆ ಆ ವಿಶ್ಲೇಷಣೆಗೆ ಭ್ರೂಣವನ್ನು ಬಿಡಿಸಲೇಬೇಕು. ಯಾವ ಕೋಶ ಏನಾಗುತ್ತಿತ್ತು ಎಂಬುದೇನೋ ತಿಳಿಯಿತು. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಇವತ್ತಿಗೂ ಕೋಳಿ, ಇಲಿ, ಕಪ್ಪೆಗಳ ಭ್ರೂಣವನ್ನೇ ತೋರಿಸಬೇಕು.