ನಿಶ್ಚಿತಾರ್ಥದ ಉಂಗುರವೂ ಬಣ್ಣದ ಹರಳುಗಳೂ

ಹೋದ ವರ್ಷದ ಜ್ಯೇಷ್ಠ ಮಾಸದಲ್ಲಿ, ಹಿಂದೆ ನಮ್ಮಲ್ಲಿ ಕನ್ನಡವನ್ನೋದಿದ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಳು. ಆಕೆಗೆ ವರನು ಗೊತ್ತಾಗಿದ್ದನು. ನಿಶ್ಚಿತಾರ್ಥದ ದಿನ ವಧೂವರರು ಒಬ್ಬರಿಗೊಬ್ಬರು ಉಂಗುರ ತೊಡಿಸಬೇಕೆಂದೂ, ಎರಡೂ ವಜ್ರದ ಉಂಗುರಗಳೇ ಆಗಬೇಕೆಂದೂ, ಈಗ ಎಲ್ಲೆಲ್ಲಿಯೂ ಇದೇ ಪದ್ಧತಿಯೆಂದೂ ಬೀಗರ ಕಡೆಯಿಂದ ಸೂಚನೆ ಬಂದಿತ್ತಂತೆ. ತಂದೆಯು ಶೇಂಗಾ ಬೆಳೆಯುವ ಮೂರೆಕರೆ ಹೊಲದ ಮೇಲೆ ಸಾಲವೆತ್ತುವ ಆಲೋಚನೆಯಲ್ಲಿದ್ದರು. ಮಗಳು ಮಾತ್ರ, ಅಜ್ಜಿಯ ಹಳೆಯ ಓಲೆಗಳ ನಡುವಣ ಎರಡು ಕೆಂಪುಹರಳುಗಳನ್ನು ಬಿಡಿಸಿ ಎರಡು ಉಂಗುರಗಳಿಗೆ ಕೂರಿಸಿದರೆ ಸಾಕೆನ್ನುತ್ತಿದ್ದಳು. "ಸಾರ್, ಹಿಂದಿನವರೂ ವಜ್ರವನ್ನೇ ಕೊಡುತ್ತಿದ್ದರೇ?" ಎಂಬುದು ಆಕೆಯ ಪ್ರಶ್ನೆ. ಅಂದು ನಾವು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಆ ಕೊರತೆಯನ್ನು ತುಂಬುವ ಸಲುವಾಗಿ ಈ ಬರಹ.

ಮೊದಲು ನಮ್ಮ ಮನೆಯ ಮಾತನ್ನೇ ನೋಡೋಣ. ನಮ್ಮ ಹಿರಿಯರ ನಿಶ್ಚಿತಾರ್ಥದಲ್ಲಿ ಪ್ರಧಾನವಾದುದು ಉಂಗುರವಲ್ಲ, ವೀಳ್ಯ. ಎರಡು ಮನೆಗಳ ಹಿರಿಯರು ಬಂಧುಗಳ ಎದುರಿನಲ್ಲಿ ಎಲೆಯಡಿಕೆಯ ತಟ್ಟೆಯನ್ನು ಬದಲಾಯಿಸಿಕೊಂಡರೆಂದರೆ ಮಾತು ಗಟ್ಟಿಯಾಯಿತು. ಅಳಿಯನಿಗೆ ಮಾವನ ಮನೆಯವರು ಉಡುಗೊರೆಯಾಗಿ ಉಂಗುರವನ್ನಿಡುವುದು ಅನೇಕ ಮನೆತನಗಳಲ್ಲಿ ಇದ್ದರೂ, ವಧೂವರರು ಪರಸ್ಪರ ಉಂಗುರ ತೊಡಿಸುವ ಕ್ರಮವು ಪಶ್ಚಿಮದಿಂದ ಈಚೆಗೆ ಬಂದುದಾಗಿದೆ.

ಹಾಗೆಂದು ಉಂಗುರವು ಪ್ರೇಮದ ಗುರುತಾಗಿ ನಮಗೆ ಅಪರಿಚಿತವೇನಲ್ಲ. ಶ್ರೀರಾಮನು ಹನುಮಂತನ ಕೈಯಲ್ಲಿ ಸೀತೆಗೆ ಕಳುಹಿಸಿದುದು ಉಂಗುರವನ್ನೇ. ದುಷ್ಯಂತನು ಶಕುಂತಲೆಯ ಬೆರಳಿಗೆ ತೊಡಿಸಿದುದೂ ಉಂಗುರವನ್ನೇ; ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಆ ನಾಟಕವನ್ನು ಕನ್ನಡಿಸಿದ ಮೇಲೆ ಆ ಕಥೆಯು ಕನ್ನಡಿಗರ ಮನೆಮಾತಾಯಿತು. ಈ ಎರಡು ಉಂಗುರಗಳಿಗೂ ಬೆಲೆ ಬಂದುದು ಅವುಗಳ ಮೇಲೆ ಕೊರೆದಿದ್ದ ಹೆಸರಿನಿಂದ. ಅವುಗಳ ಹರಳು ಯಾವುದೆಂದು ಸೀತೆಯೂ ಕೇಳಲಿಲ್ಲ, ಶಕುಂತಲೆಯೂ ಕೇಳಲಿಲ್ಲ.

ಉಂಗುರದ ಪದ್ಧತಿಯು ಹುಟ್ಟಿ ಬೆಳೆದ ಪಶ್ಚಿಮದೇಶಗಳಲ್ಲಿಯಾದರೂ ವಜ್ರವು ಮೊದಲಿನಿಂದ ಇತ್ತೆ? ಇರಲಿಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು, ಮದುವೆ ನಿಶ್ಚಯವಾದ ಕನ್ಯೆಗೆ ಹರಳೇ ಇಲ್ಲದ ಕಬ್ಬಿಣದ ಉಂಗುರವನ್ನು ಕಳುಹಿಸುವ ರೂಢಿಯನ್ನು ಹೇಳಿರುವನು. ಮಧ್ಯಯುಗದ ಯುರೋಪಿನ ಶ್ರೀಮಂತರ ಉಂಗುರಗಳಲ್ಲಿ ನೀಲವೂ ಮಾಣಿಕ್ಯವೂ ಹೇರಳವಾಗಿ ಕಂಡುಬರುತ್ತವೆ. ೧೪೭೭ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ನನು ಬರ್ಗಂಡಿಯ ಮೇರಿಗೆ ವಜ್ರದ ಉಂಗುರವನ್ನಿತ್ತನೆಂಬುದನ್ನು ವಜ್ರದ ವರ್ತಕರು ಇಂದಿಗೂ ಮೊದಲ ನಿದರ್ಶನವಾಗಿ ಹೇಳುವರು. ಆದರೆ ಅದು ಅರಮನೆಯ ಮಾತು. ಜನಸಾಮಾನ್ಯರ ರೂಢಿಯಾಗಲು ಮತ್ತೆ ನಾಲ್ಕುನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಅರಮನೆಗಳಲ್ಲಿಯೂ ಅದೊಂದೇ ನಿಯಮವಾಗಿರಲಿಲ್ಲ. ೧೭೯೬ರಲ್ಲಿ ನೆಪೋಲಿಯನ್ನನು ಜೋಸೆಫೀನಳಿಗೆ ಕೊಟ್ಟ ಉಂಗುರದಲ್ಲಿ ಒಂದು ನೀಲವೂ ಒಂದು ವಜ್ರವೂ ಜೊತೆಯಾಗಿದ್ದವು. ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ರಾಜಕುಮಾರನು ಕೊಟ್ಟುದು ಪಚ್ಚೆಯನ್ನು ಕೂರಿಸಿದ, ಸರ್ಪಾಕಾರದ ಉಂಗುರ.

ಈಗ ನಮ್ಮ ಸೀಮೆಗೆ ಬರೋಣ. ವಜ್ರದ ಮಾತೆತ್ತಿದರೆ ಪ್ರಪಂಚವು ಬಹುಕಾಲ ನೋಡುತ್ತಿದ್ದುದು ಇತ್ತ ಕಡೆಗೇ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್ ದೇಶದ ಗಣಿಗಳು ತೆರೆಯುವವರೆಗೆ, ಬೋರ್ನಿಯೊ ದ್ವೀಪದ ಅಲ್ಪಸ್ವಲ್ಪವನ್ನುಳಿದರೆ, ಜಗತ್ತಿನ ವಜ್ರವೆಲ್ಲ ಹಿಂದೂದೇಶದ್ದೇ. ರಾಯದುರ್ಗ, ಆದವಾನಿಗಳಿಂದ ಬಹುದೂರವಲ್ಲದ ವಜ್ರಕರೂರು ತನ್ನ ಹೆಸರಿನಲ್ಲಿಯೇ ವಜ್ರವನ್ನು ಹೊತ್ತಿದೆ. ಅಲ್ಲಿನ ನೆಲದೊಳಗೆ ವಜ್ರವನ್ನು ಹೊತ್ತು ತರುವ ಕಿಂಬರ್ಲೈಟ್ ಶಿಲೆಯ ಕೊಳವೆಗಳಿರುವುದನ್ನು ಭೂವಿಜ್ಞಾನಿಗಳು ಗುರುತಿಸಿರುವರು. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜನು, ವಜ್ರದ ಸೀಮೆಯನ್ನು ಗುತ್ತಿಗೆ ಹಿಡಿದ ನಾಯಕನೊಬ್ಬನು ವರ್ಷಕ್ಕೆ ೪೦,೦೦೦ ವರಹಗಳನ್ನು ತೆರುತ್ತಿದ್ದನೆಂದೂ, ೨೦ ಮಂಗೆಲಿನ್ ತೂಕವನ್ನು ಮೀರಿದ ವಜ್ರಗಳೆಲ್ಲ ರಾಯನ ಭಂಡಾರಕ್ಕೇ ಸೇರಬೇಕಾಗಿತ್ತೆಂದೂ ಬರೆದಿರುವನು. ಮಂಗೆಲಿನ್ ಎಂಬುದು ನಮ್ಮ ಮಂಜಾಡಿ ಬೀಜದ ತೂಕದ ಹೆಸರೇ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ವಜ್ರವು ದೊರೆಯುತ್ತಿದ್ದ ನಾಡಿನಲ್ಲಿಯೇ ಹಿರಿಯ ವಜ್ರವು ರಾಜಭಂಡಾರದ ಸೊತ್ತಾಗಿತ್ತು. ಪೇಟೆಯಲ್ಲಾದರೋ ಎಲ್ಲ ರತ್ನಗಳೂ ಸರಿಸಮವಾಗಿ ಕುಳಿತಿದ್ದವು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ದೂತ ಅಬ್ದುರ್ ರಜಾಕನು ಅಲ್ಲಿನ ಬೀದಿಯಲ್ಲಿ ಮಾಣಿಕ್ಯ, ಮುತ್ತು, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡನು. ಮಾಣಿಕ್ಯವು ಪೆಗುವಿನಿಂದಲೂ ನೀಲವು ಸಿಂಹಳದಿಂದಲೂ ಬರುತ್ತಿದ್ದವು. ನವರತ್ನದ ಆಭರಣಗಳಲ್ಲಿ ನಡುಮನೆಯು ಸೂರ್ಯನ ರತ್ನವಾದ ಮಾಣಿಕ್ಯಕ್ಕೆ ಮೀಸಲು; ಶುಕ್ರನ ರತ್ನವಾದ ವಜ್ರವು ಸುತ್ತಣ ಎಂಟರಲ್ಲಿ ಒಂದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರತ್ನಪರೀಕ್ಷೆಯನ್ನು ವಜ್ರದಿಂದಲೇ ಆರಂಭಿಸುವನೆಂಬುದು ನಿಜ. ಆದರೆ ಪುತ್ರಾಪೇಕ್ಷೆಯುಳ್ಳ ಸ್ತ್ರೀಯರು ವಜ್ರವನ್ನು ಧರಿಸಬಾರದೆಂಬ ಕೆಲವರ ಮತವನ್ನೂ ಅವನು ಹೇಳಿ, ಕೆಲವು ಆಕಾರದ ವಜ್ರಗಳಿಗೆ ಮಾತ್ರ ವಿನಾಯಿತಿ ಕೊಡುವನು. ವಧುವಿಗೆ ವಜ್ರವೇ ಆಗಬೇಕೆಂಬ ಶಾಸ್ತ್ರವನ್ನು ಅಲ್ಲಿ ಹುಡುಕಿದರೆ ಸಿಕ್ಕದು.

ಹಾಗಾದರೆ ಇಂದಿನ ಕಟ್ಟಳೆಯು ಎಲ್ಲಿಂದ ಬಂದಿತು? ಅದರ ಮೂಲವು ವಜ್ರದ ಕೊರತೆಯಲ್ಲಿಲ್ಲ, ಸಮೃದ್ಧಿಯಲ್ಲಿದೆ. ೧೮೬೭ರಲ್ಲಿ ದಕ್ಷಿಣ ಆಫ್ರಿಕದ ಹೋಪ್‌ಟೌನಿನ ಬಳಿ ವಜ್ರವೊಂದು ದೊರೆಯಿತು. ನಾಲ್ಕೈದು ವರ್ಷಗಳಲ್ಲಿ ಕಿಂಬರ್ಲಿಯ ಗಣಿಗಳು ತೆರೆದು, ಹಿಂದೆಂದೂ ಕಾಣದಷ್ಟು ವಜ್ರವು ಪೇಟೆಗೆ ಹರಿದುಬಂದಿತು. ಹೀಗೇ ಬಿಟ್ಟರೆ ಬೆಲೆ ಕುಸಿಯುವುದೆಂದರಿತ ಗಣಿಗಳ ಒಡೆಯರು ಒಂದುಗೂಡಿದರು. ೧೮೮೮ರಲ್ಲಿ ಸೆಸಿಲ್ ರೋಡ್ಸನ ನಾಯಕತ್ವದಲ್ಲಿ ಡಿ ಬೀರ್ಸ್ ಕಂಪೆನಿಯು ರೂಪುಗೊಂಡು, ಎಷ್ಟು ವಜ್ರ ಪೇಟೆಗೆ ಬರಬೇಕೆಂಬುದನ್ನು ತಾನೇ ನಿರ್ಣಯಿಸತೊಡಗಿತು.

ಸರಕನ್ನು ತಡೆಹಿಡಿಯುವುದು ಒಂದು ಉಪಾಯ. ಬೇಡಿಕೆಯನ್ನು ಹುಟ್ಟಿಸುವುದು ಇನ್ನೊಂದು. ೧೯೨೯ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಮಾರಾಟವು ಕುಗ್ಗಿದಾಗ, ೧೯೩೮ರಲ್ಲಿ ಆ ಕಂಪೆನಿಯು ಅಮೆರಿಕದ ಎನ್. ಡಬ್ಲ್ಯೂ. ಅಯರ್ ಎಂಬ ಜಾಹೀರಾತು ಸಂಸ್ಥೆಯನ್ನು ನೇಮಿಸಿಕೊಂಡಿತು. ೧೯೪೭ರಲ್ಲಿ ಅಲ್ಲಿನ ಉದ್ಯೋಗಿ ಫ್ರಾನ್ಸಿಸ್ ಗೆರೆಟಿ ಎಂಬಾಕೆಯು, ವಜ್ರವು ಎಂದೆಂದಿಗೂ ಉಳಿಯುವುದೆಂಬ ಅರ್ಥದ ಘೋಷವಾಕ್ಯವನ್ನು ರಚಿಸಿದಳು. ಲಕ್ಷಾಂತರ ನಿಶ್ಚಿತಾರ್ಥಗಳಿಗೆ ಮಂತ್ರವಾದ ಆ ವಾಕ್ಯವನ್ನು ಬರೆದವಳು ತಾನು ಅವಿವಾಹಿತಳಾಗಿಯೇ ಉಳಿದಳು.

ಇದೇ ಪ್ರಯೋಗವನ್ನು ಜಪಾನಿನಲ್ಲಿಯೂ ಮಾಡಿದರು. ಅಲ್ಲಿಯೂ ನಮ್ಮಂತೆ ಹಿರಿಯರು ಕೂಡಿಸುವ ವಿವಾಹಗಳು ಬಹಳವಾಗಿದ್ದವು. ವಜ್ರದ ಉಂಗುರದ ಹಂಗಿರಲಿಲ್ಲ. ೧೯೬೭ರಲ್ಲಿ ಪ್ರಚಾರವು ಮೊದಲಾದಾಗ ನೂರಕ್ಕೆ ೫ ವಧುಗಳಿಗೂ ವಜ್ರದ ಉಂಗುರವಿರಲಿಲ್ಲ. ೧೯೮೧ರ ಹೊತ್ತಿಗೆ ನೂರಕ್ಕೆ ಸುಮಾರು ೬೦ ವಧುಗಳು ಅದನ್ನು ತೊಟ್ಟಿದ್ದರು. ಹದಿನಾಲ್ಕು ವರ್ಷಗಳಲ್ಲಿ ಒಂದು "ಪದ್ಧತಿ" ಹುಟ್ಟಿತು! ನಮ್ಮ ಶಿಷ್ಯೆಯ ಬೀಗರು ಪದ್ಧತಿಯೆಂದು ಕರೆದುದರ ವಯಸ್ಸನ್ನು ವಾಚಕರು ಇದರಿಂದ ಅಳೆಯಬಹುದು.

ಬಣ್ಣದ ಹರಳು ಇಷ್ಟಾದರೂ ಮೂಲೆಗೆ ಸೇರಲಿಲ್ಲ. ೧೯೮೧ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸನೊಡನೆ ವಿವಾಹ ನಿಶ್ಚಯವಾದಾಗ ಡಯಾನಾ ಆರಿಸಿಕೊಂಡುದು ೧೨ ಕ್ಯಾರಟ್ಟಿನ ಸಿಂಹಳದ ನೀಲವನ್ನು. ೧೪ ವಜ್ರಗಳು ಅದರ ಸುತ್ತ ಪರಿವಾರವಾಗಿ ನಿಂತವು. ೨೦೧೦ರಲ್ಲಿ ಆಕೆಯ ಮಗ ವಿಲಿಯಮ್ಮನು ತಾಯಿಯ ಅದೇ ಉಂಗುರವನ್ನು ತನ್ನ ವಧುವಿಗೆ ತೊಡಿಸಿದನು. ಹೊಸ ವಜ್ರವನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲವೆಂದು ಯಾರೂ ಹೇಳರು.

ಆದರೆ ಒಂದು ಕಡೆಯ ಮಾತನ್ನೇ ಆಡುವುದು ನ್ಯಾಯವಲ್ಲ. ಬಣ್ಣದ ಹರಳುಗಳ ಹಿಂದೆಯೂ ವ್ಯಾಪಾರವಿದೆ. ಹುಟ್ಟಿದ ತಿಂಗಳಿಗೊಂದು ರತ್ನವೆಂದು ಈಗ ಪ್ರಚಾರದಲ್ಲಿರುವ ಪಟ್ಟಿಯನ್ನು ೧೯೧೨ರಲ್ಲಿ ಅಮೆರಿಕದ ಆಭರಣ ವರ್ತಕರ ಸಂಘವೇ ಗೊತ್ತುಮಾಡಿತು. ನಮ್ಮಲ್ಲಿ ನೀಲವು ಶನಿಯ ರತ್ನವೆಂಬ ಭಯವುಂಟು; ಮನೆಯ ಹಿರಿಯರ ಮನಸ್ಸಿಗೆ ನೋವಾಗುವಂತಿದ್ದರೆ ಕೆಂಪನ್ನು ಆರಿಸುವುದೇ ಮೇಲು. ವಿಚಿತ್ರವೆಂದರೆ ಕೆಂಪೂ ನೀಲವೂ ಒಂದೇ ಖನಿಜ. ಇಂಗ್ಲಿಷರು ಕೊರಂಡಮ್ ಎನ್ನುವ ಅದರ ಹೆಸರು ನಮ್ಮ ಕುರುವಿಂದ, ಕುರುಂದಗಳ ಬಳಗದ್ದೇ. ಅದರಲ್ಲಿ ಲೇಶಮಾತ್ರ ಕ್ರೋಮಿಯಮ್ ಬೆರೆತರೆ ಮಾಣಿಕ್ಯ. ಕಬ್ಬಿಣ, ಟೈಟಾನಿಯಮ್‌ಗಳು ಬೆರೆತರೆ ನೀಲ.

ದಿನವೂ ತೊಡುವ ಉಂಗುರಕ್ಕೆ ಗಟ್ಟಿತನವು ಅಗತ್ಯ. ಖನಿಜಗಳ ಕಾಠಿಣ್ಯದ ಅಳತೆಯಲ್ಲಿ ವಜ್ರವು ೧೦, ಮಾಣಿಕ್ಯ ನೀಲಗಳು ೯, ಪಚ್ಚೆಯು ಏಳೂವರೆಯಿಂದ ೮; ಮುತ್ತು ತೀರ ಮೃದು. ಪಚ್ಚೆಯಲ್ಲಿ ಸಹಜವಾದ ಬಿರುಕುಗಳಿರುವುದರಿಂದ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ ಕೈಗೆ ಅದು ಹೊಂದದು. ಮಾಣಿಕ್ಯವನ್ನು ಕೃತಕವಾಗಿ ತಯಾರಿಸುವ ಕ್ರಮವನ್ನು ೧೯೦೨ರಲ್ಲಿಯೇ ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿಯು ಪ್ರಕಟಿಸಿದನು. ಕಾಸಿ ಬಣ್ಣವೇರಿಸಿದ ಹರಳುಗಳೂ, ಬಿರುಕಿನಲ್ಲಿ ಗಾಜು ತುಂಬಿದ ಕೆಂಪುಗಳೂ ಪೇಟೆಯಲ್ಲಿ ಉಂಟು. ಆದುದರಿಂದ ಬೆಲೆಬಾಳುವ ಹರಳನ್ನು ಪರೀಕ್ಷಾಲಯದ ಪತ್ರವಿಲ್ಲದೆ ಕೊಳ್ಳಬಾರದು. ಇನ್ನೊಂದು ಮಾತನ್ನು ನಮ್ಮ ರೈತರು ಪುಸ್ತಕವಿಲ್ಲದೆಯೇ ಬಲ್ಲರು: ಕಷ್ಟಕಾಲದಲ್ಲಿ ಗಿರವಿ ಅಂಗಡಿಗೆ ಹೋದರೆ ಅಲ್ಲಿ ತೂಕಕ್ಕೆ ಬರುವುದು ಚಿನ್ನ, ಹರಳಿನ ತೂಕವನ್ನು, ಅದು ಕೆಂಪಾಗಲಿ ವಜ್ರವಾಗಲಿ, ಕಳೆದೇ ಲೆಕ್ಕ ಹಾಕುವರು.

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿಗಳ ಕೆಂಪುನೆಲದಲ್ಲಿ ಜನರು ತಲೆಬಗ್ಗಿಸಿ ವಜ್ರವನ್ನು ಹುಡುಕುತ್ತ ನಡೆಯುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ದೂರದ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬಂದು ಮರದಡಿಯಲ್ಲಿ ತಂಗುವವರೂ ಉಂಟು. ಒಬ್ಬನಿಗೆ ಹರಳು ಸಿಕ್ಕಿತೆಂಬ ಸುದ್ದಿಯು ನೂರು ಜನರನ್ನು ಹೊಲಕ್ಕೆಳೆಯುವುದು. ಬರಿಗೈಯಲ್ಲಿ ಮರಳಿದವರ ಸುದ್ದಿಯನ್ನು ಬರೆಯುವವರಿಲ್ಲ. ಆ ನೆಲಕ್ಕೆ ಇಷ್ಟು ಸಮೀಪದಲ್ಲಿ ಬಾಳುವ ನಾವು, ಎರಡು ಉಂಗುರಗಳ ಸಲುವಾಗಿ ಅನ್ನವಿಕ್ಕುವ ಹೊಲವನ್ನು ಅಡವಿಡುವುದು ಉಚಿತವೇ ಎಂದು ಆಲೋಚಿಸಬೇಕು.

ಆ ಹುಡುಗಿಯ ಮಾತನ್ನು ಮುಗಿಸುತ್ತೇವೆ. ಆಕೆಯೇ ಧೈರ್ಯಮಾಡಿ ವರನಿಗೆ ತನ್ನ ಮನಸ್ಸನ್ನು ತಿಳಿಸಿದಳು. ಅವನು ತನ್ನ ತಾಯಿತಂದೆಯರನ್ನು ಒಪ್ಪಿಸಿದನು. ಊರಿನ ಅಕ್ಕಸಾಲಿಗರು ಓಲೆಗಳಿಂದ ಎರಡು ಕೆಂಪುಗಳನ್ನು ಬಿಡಿಸಿ, ತೊಳೆದು, ಎರಡು ಉಂಗುರಗಳಿಗೆ ಕೂರಿಸಿಕೊಟ್ಟರು. ಶ್ರಾವಣದಲ್ಲಿ ನಡೆದ ನಿಶ್ಚಿತಾರ್ಥಕ್ಕೆ ನಾವೂ ಹೋಗಿದ್ದೆವು. ಮೊದಲು ವೀಳ್ಯ ಬದಲಾಯಿತು. ಬಳಿಕ ಉಂಗುರಗಳನ್ನು ತೊಡಿಸಿದರು. ಒಂದು ಹರಳಿನ ಅಂಚು ತುಸು ಸವೆದಿತ್ತು. ಅದನ್ನು ಕಂಡ ಬೀಗಿತಿಯು, ಇದು ಯಾರದೆಂದು ಕೇಳಿ, ಅಜ್ಜಿಯ ಹೆಸರನ್ನೂ ಊರನ್ನೂ ವಿಚಾರಿಸಿಕೊಂಡರು. ತಂದೆಯು ಊಟದ ಪಂಕ್ತಿಯಲ್ಲಿ ನಮ್ಮ ಬಳಿಗೆ ಬಂದು, ಹೊಲದಲ್ಲಿ ಬಿತ್ತನೆ ಮುಗಿದಿದೆಯೆಂದು ಹೇಳಿದರು.