ಗೆಣಸಿನ ಜೊತೆ ಹೋದ ಮಾತು

1970ರ ದಶಕದಲ್ಲಿ ವಿಶ್ವಬ್ಯಾಂಕ್ ಹಬ್ಬಿಸಿದ ‘ತರಬೇತಿ ಮತ್ತು ಭೇಟಿ’ ಪದ್ಧತಿ ನೋಡಿ. ಕೃಷಿ ಸಹಾಯಕ ಹದಿನೈದು ದಿನಕ್ಕೊಮ್ಮೆ ಬಂದು ಆಯ್ದ ಕೆಲವು ರೈತರಿಗೆ ಪಾಠ ಹೇಳ್ತಿದ್ದ. ಆಯ್ದವರು ಬಹುಪಾಲು ಗಂಡಸರು. ಕಳೆ ಕೀಳೋರು, ಅಡುಗೆ ಮಾಡೋರು ಹೆಂಗಸರು! ನಮ್ಮ ಸಾಫ್ಟ್‌ವೇರ್ ಭಾಷೇಲಿ, ಯೂಸರ್ ಯಾರು ಅಂತಲೇ ನೋಡಿರಲಿಲ್ಲ.

ಮೊಜಾಂಬಿಕ್‌ನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ ಬಿಳಿ ಗೆಣಸು ಹೊಟ್ಟೆ ತುಂಬಿಸುತ್ತೆ, ಆದ್ರೆ ವಿಟಮಿನ್ ಎ ಕೊಡಲ್ಲ. ಆ ಕೊರತೆ ಹೆಚ್ಚಾದ್ರೆ ಮಕ್ಕಳ ಕಣ್ಣೇ ಹೋಗಬಹುದು. 2002ರಿಂದ ಜಾಂಬೇಜಿಯಾ ಪ್ರಾಂತ್ಯದಲ್ಲಿ ಜ್ಯಾನ್ ಲೋ ಅವರ ತಂಡ ಕಿತ್ತಳೆ ಬಣ್ಣದ ಗೆಣಸಿನ ಬಳ್ಳಿ ಹಂಚಿತು. ಕೃಷಿ ಕಾರ್ಯಕರ್ತರ ಜೊತೆಗೇ ಪೋಷಣೆಯ ಕಾರ್ಯಕರ್ತರೂ ಅದೇ ಕುಟುಂಬಗಳ ಹತ್ತಿರ ಹೋಗಿ, ಮಕ್ಕಳಿಗೆ ಏನು ಉಣಿಸಬೇಕು ಅಂತ ತಾಯಂದಿರಿಗೆ ಹೇಳಿಕೊಟ್ಟರು. ನನಗಂತೂ ತಳಿಗಿಂತ ಈ ಜೋಡಿ ಭೇಟಿಯೇ ದೊಡ್ಡ ಸಂಗತಿ. ಎರಡು ವರ್ಷದಲ್ಲಿ ಮಕ್ಕಳ ರಕ್ತದಲ್ಲಿ ವಿಟಮಿನ್ ಎ ಏರಿತ್ತು.