ನೆರಳಿನ ಎಲೆಗಿಡಗಳ ಆರೈಕೆ: ಮುಖ್ಯವಾದದ್ದು ನೀರಿನ ಗುಣ

ರಾಜಾನುಕುಂಟೆ: ಮನೆಯ ಉತ್ತರ ದಿಕ್ಕಿನ ಗೋಡೆಯ ಪಕ್ಕ, ಕಾಂಪೌಂಡಿನ ಮೂಲೆ, ಹೊಂಗೆ ಮರದ ಬುಡ ಮುಂತಾದ ಬಿಸಿಲು ತಾಕದ ಜಾಗಗಳಲ್ಲಿ ಹೂಗಿಡಗಳು ಸೊರಗುತ್ತವೆ. ಅಂತಹ ಕಡೆ ಕೈತೋಟಕ್ಕೆ ಕಳೆ ತರುವುದು ಎಲೆಯ ಅಂದಕ್ಕಾಗಿಯೇ ಬೆಳೆಸುವ ಬಹುವಾರ್ಷಿಕ ಗಿಡಗಳು. ಆದರೆ ಮಳೆಗಾಲದಲ್ಲಿ ನರ್ಸರಿಯಿಂದ ತಂದಾಗ ನಳನಳಿಸುತ್ತಿದ್ದ ಗಿಡ ಮಾರ್ಚ್ ವೇಳೆಗೆ ಎಲೆಯ ತುದಿ ಸುಟ್ಟಂತಾಗಿ ನಿಲ್ಲುವುದುಂಟು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರು ಸುರಿದರೆ ಬೇರು ಕೊಳೆಯುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಬೇಸಿಗೆಯ ಒಣ ಗಾಳಿ ಹಾಗೂ ಕೊಳವೆಬಾವಿ ನೀರಿನಲ್ಲಿರುವ ಲವಣಾಂಶ.

ಯಾವ ಗಿಡ ಸೂಕ್ತ?

ಶೀತ ದೇಶಗಳ ನೆರಳಿನ ತೋಟಗಳಲ್ಲಿ ಪ್ರಸಿದ್ಧವಾದ ಹೋಸ್ಟಾ ಗಿಡಕ್ಕೆ ಚಳಿಗಾಲದಲ್ಲಿ ಹಲವು ವಾರಗಳ ಕೊರೆಯುವ ಚಳಿ ಬೇಕು. ಬೆಂಗಳೂರಿನ ಹವೆಯಲ್ಲಿ ಅದು ಬಹುಕಾಲ ಬಾಳದು. ಅದರ ಸ್ಥಾನವನ್ನು ಇಲ್ಲಿ ತುಂಬಬಲ್ಲವು ಕೆಸುವಿನ ಬಳಗದ ಕ್ಯಾಲಾಡಿಯಂ, ಅಗ್ಲೋನಿಮಾ, ಫಿಲೊಡೆಂಡ್ರಾನ್, ಸಿಂಗೋನಿಯಂ ಗಿಡಗಳು. ತೇವವಿರುವ ನೆರಳಿಗೆ ಜರೀಗಿಡ, ಮರಾಂಟಾ, ಕ್ಯಾಲಥಿಯಾ ಹೊಂದುತ್ತವೆ. ಮರದ ಬುಡದಲ್ಲಿ ಬೇರುಗಳು ನೀರನ್ನೆಲ್ಲ ಹೀರುವುದರಿಂದ ಅಲ್ಲಿನ ನೆರಳು ಒಣ ನೆರಳು. ಅಲ್ಲಿಗೆ ಸ್ನೇಕ್ ಪ್ಲಾಂಟ್, ಝಡ್‌ಝಡ್ ಗಿಡಗಳೇ ಲೇಸು. ಬೇರೆ ಗಿಡಗಳನ್ನು ಕುಂಡಸಹಿತ ಇಡುವುದು ಒಳ್ಳೆಯದು.

ನೆರಳೆಂದರೆ ಕತ್ತಲೆಯಲ್ಲ. ಬೆಳಗಿನ ಎಳೆಬಿಸಿಲು ಈ ಗಿಡಗಳಿಗೆ ಹಿತ. ಮಧ್ಯಾಹ್ನದ ಪಡುವಣ ಬಿಸಿಲು ಮಾರಕ. ಮರವಿಲ್ಲದ ಮನೆಗಳಲ್ಲಿ ಶೇ 50ರಿಂದ 75ರಷ್ಟು ಬಿಸಿಲು ತಡೆಯುವ ನೆರಳು ಪರದೆ ಕಟ್ಟಬಹುದು.

ಮಣ್ಣಿನ ಮಿಶ್ರಣ

ಈ ಭಾಗದ ಕೆಂಪು ಮಣ್ಣು ಕುಂಡದಲ್ಲಿ ಬೇಗ ಗಟ್ಟಿಯಾಗುತ್ತದೆ. ಆದ್ದರಿಂದ ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ತೆಂಗಿನ ನಾರಿನ ಪುಡಿಯನ್ನು ಸಮಭಾಗದಲ್ಲಿ ಬೆರೆಸಬೇಕು. ನಾರಿನ ಪುಡಿಯನ್ನು ಎರಡು ಮೂರು ಬಾರಿ ಒಳ್ಳೆಯ ನೀರಿನಲ್ಲಿ ತೊಳೆಯದಿದ್ದರೆ ಅದರಲ್ಲಿರುವ ಉಪ್ಪು ಬೇರಿಗೆ ತಾಗುತ್ತದೆ. ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಂಸ್ಕರಿಸಿದ ನಾರಿನ ಪುಡಿಯನ್ನು 'ಅರ್ಕಾ' ಹೆಸರಿನಲ್ಲಿ ಅಭಿವೃದ್ಧಿಪಡಿಸಿದೆ. ಕುಂಡದ ತಳದ ರಂಧ್ರ ಮುಚ್ಚದಂತೆ ಹೆಂಚಿನ ಚೂರು ಇಡಬೇಕು.

ನೀರು: ಎಷ್ಟು, ಎಂತಹುದು?

ಮೇಲ್ಮಣ್ಣಿನಲ್ಲಿ ಬೆರಳನ್ನು ಒಂದು ಅಂಗುಲ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದ್ದರೆ ಲವಣ ಶೇಖರವಾಗಿದೆ ಎಂದೇ ಅರ್ಥ. ಕುಂಡದ ಗಾತ್ರದ ಮೂರು ಪಟ್ಟು ಮಳೆನೀರನ್ನು ನಿಧಾನವಾಗಿ ಹಾಯಿಸಿ, ತಳದಿಂದ ಹೊರಹೋಗಲು ಬಿಟ್ಟರೆ ಲವಣ ತೊಳೆದುಹೋಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಉಳಿತಾಯದ ದೃಷ್ಟಿಯಿಂದ ಈ ಗಿಡಗಳಿಗೆ ಹಾಕುವುದು ತಪ್ಪು. ಅದರಲ್ಲಿ ಲವಣ ಇನ್ನೂ ಹೆಚ್ಚು. ಉಪ್ಪು ಹಾಕದ, ಅಕ್ಕಿ ತೊಳೆದ ನೀರನ್ನು ಆಗಿಂದಾಗಲೇ ಬಳಸಬಹುದು.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ಅಂತಹ ದಿನಗಳಿಗೆ ಮಳೆನೀರೇ ಆಸರೆ. ಒಂದು ಸಾವಿರ ಚದರಡಿ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ, ಪೋಲಾಗುವುದನ್ನು ಕಳೆದರೂ ಸುಮಾರು 1,500 ಲೀಟರ್ ನೀರು ದೊರೆಯುತ್ತದೆ. ಶೇಖರಣಾ ಡ್ರಮ್ಮಿಗೆ ಸೊಳ್ಳೆ ನುಸುಳದಂತೆ ಬಿಗಿಯಾದ ಮುಚ್ಚಳವಿರಬೇಕು.

ಕಾಲಕ್ಕೆ ತಕ್ಕ ಆರೈಕೆ

* ಫೆಬ್ರುವರಿ–ಮೇ: ಬುಡಕ್ಕೆ ಎರಡು ಅಂಗುಲ ದಪ್ಪ ತರಗೆಲೆ ಹೊದಿಸಬೇಕು. ಕುಂಡಗಳನ್ನು ಒತ್ತಾಗಿ ಜೋಡಿಸಿದರೆ ಸುತ್ತಲಿನ ಗಾಳಿಯಲ್ಲಿ ತೇವ ಉಳಿಯುತ್ತದೆ. ಗೊಬ್ಬರ ಬೇಡ.

* ಜೂನ್–ಅಕ್ಟೋಬರ್: ಬುಡ ಬಿಡಿಸಿ ನೆಡಲು, ಕುಂಡ ಬದಲಿಸಲು ಸಕಾಲ. ತಿಂಗಳಿಗೊಮ್ಮೆ ಎರೆಗೊಬ್ಬರ ಅಥವಾ ಲೀಟರ್ ನೀರಿಗೆ ಒಂದು ಗ್ರಾಂನಂತೆ 19:19:19 ಗೊಬ್ಬರ ಕೊಟ್ಟರೆ ಸಾಕು.

* ನವೆಂಬರ್–ಜನವರಿ: ನೀರು ಕಡಿಮೆ ಮಾಡಬೇಕು. ಕ್ಯಾಲಾಡಿಯಂ ಎಲೆಗಳೆಲ್ಲ ಬಾಡಿ ಬೀಳುವುದು ಈಗಲೇ. ಗಿಡ ಸತ್ತಿತೆಂದು ಕುಂಡ ಸುರಿದುಬಿಡುವವರಿದ್ದಾರೆ. ಗೆಡ್ಡೆ ಮಣ್ಣಿನೊಳಗೆ ನಿದ್ರಿಸುತ್ತಿರುತ್ತದೆ. ಕುಂಡವನ್ನು ಒಣಗಲು ಬಿಟ್ಟು ಪಕ್ಕಕ್ಕಿಟ್ಟರೆ ಮುಂಗಾರುಪೂರ್ವ ಮಳೆಯ ಹೊತ್ತಿಗೆ ಮತ್ತೆ ಚಿಗುರುತ್ತದೆ.

ಕೀಟಬಾಧೆ

ಎಲೆಯ ಕಂಕುಳಲ್ಲಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಮಳೆಗಾಲದಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ರಾತ್ರೋರಾತ್ರಿ ಎಲೆ ಬರಿದು ಮಾಡುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಅಥವಾ ಎಲೆಕೋಸಿನ ಎಲೆ ಇಟ್ಟರೆ ಅವು ಅಲ್ಲಿ ಸೇರುತ್ತವೆ. ಬೆಳಿಗ್ಗೆ ಕೈಗವಸು ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕಬೇಕು. ಗಿಡದ ಬುಡಕ್ಕೆ ಉಪ್ಪು ಎರಚಬಾರದು.

ಎಚ್ಚರಿಕೆ ಇರಲಿ

ಕೆಸುವಿನ ಬಳಗದ ಅಲಂಕಾರಿಕ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕೆಸುವಿನ ಸೊಪ್ಪನ್ನು ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುವುದು ಈ ಹರಳುಗಳಿಂದಲೇ. ಡೈಫನ್‌ಬೇಕಿಯಾದ ಎಲೆ ಅಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ. ಆದ್ದರಿಂದ ಈ ಗಿಡಗಳನ್ನು ಅಂಬೆಗಾಲಿಡುವ ಮಕ್ಕಳಿಗೂ ಹಸುಕರುಗಳಿಗೂ ಎಟುಕದಂತೆ ಇಡಬೇಕು. ಮಕ್ಕಳು ಅಗಿದದ್ದು ಕಂಡರೆ ಬಾಯಿ ತೊಳೆಸಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. ಗಿಡ ಕತ್ತರಿಸಿದ ನಂತರ ಕೈ ತೊಳೆಯದೆ ಕಣ್ಣು ಮುಟ್ಟಿಕೊಳ್ಳಬಾರದು.